ಬನ್ನಿ ಎಂದು ಕರೆದ ಇಬ್ಬರೇ ಹೊರಟುಹೋದರು

(ದಾವಣಗೆರೆಯಲ್ಲಿ ಬ್ಯಾಂಡ್ ಕಟ್ಟಿಕೊಂಡಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಜಾನಪದ ಮತ್ತು ರಾಕ್ ಬಗ್ಗೆ ಮಾತಾಡಿ ಅಂತ ಕೇಳಿದ್ದಿರಿ. ಅಷ್ಟು ದೊಡ್ಡ ವಿಷಯವನ್ನು ಒಂದು ಸಂಜೆಯಲ್ಲಿ ಮುಗಿಸಲು ಆಗಲ್ಲ. ಅದಕ್ಕೇ ಒಂದೇ ಒಂದು ಆಲ್ಬಂ ಹಿಡಿದುಕೊಂಡು ಬಂದಿದ್ದೇನೆ. ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ಅನ್ನುವ ಬ್ಯಾಂಡ್ 1969ರ ಡಿಸೆಂಬರಿನಲ್ಲಿ ಹೊರತಂದ ‘ಲೀಜ್ ಅಂಡ್ ಲೀಫ್’. ಒಟ್ಟು ಎಂಟು ಟ್ರ್ಯಾಕ್, ಸುಮಾರು ನಲವತ್ತು ನಿಮಿಷ. 2006ರಲ್ಲಿ ಬಿಬಿಸಿ ರೇಡಿಯೊ 2ರ ಜಾನಪದ ಪ್ರಶಸ್ತಿಗಳ ಹೊತ್ತಿನಲ್ಲಿ ಕೇಳುಗರು ಇದನ್ನೇ ಅತಿ ಹೆಚ್ಚು ಪ್ರಭಾವ ಬೀರಿದ ಜಾನಪದ ಆಲ್ಬಂ ಎಂದು ಆರಿಸಿದರು.

ಅಂಥ ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ಬ್ಯಾಂಡಿನ ಆರು ಜನರಲ್ಲಿ ಇಬ್ಬರು ಹೊರಗೆ ಹೋಗಿದ್ದರು. ಒಬ್ಬರು ಹಾಡುಗಾರ್ತಿ ಸ್ಯಾಂಡಿ ಡೆನ್ನಿ. ಇನ್ನೊಬ್ಬರು ಬೇಸ್ ಗಿಟಾರ್ ನುಡಿಸುತ್ತಿದ್ದ ಆ್ಯಶ್ಲಿ ಹಚಿಂಗ್ಸ್. ಹಚಿಂಗ್ಸ್ ಅಂದರೆ ಬ್ಯಾಂಡ್ ಕಟ್ಟಿದವರಲ್ಲೇ ಒಬ್ಬರು. ಈ ಆಲ್ಬಂ ಮಾಡಲು ಹೋಗಿ ಬ್ಯಾಂಡ್ ಒಡೆಯಿತು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗೆ ಅನ್ನಿಸಲ್ಲ. ಆ ಆರು ತಿಂಗಳು ಅವರನ್ನು ಒಟ್ಟಿಗೆ ಹಿಡಿದಿಟ್ಟಿದ್ದೇ ಈ ಆಲ್ಬಂ ಅಂತ ನನ್ನ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

ಬ್ಯಾಂಡ್ ಶುರುವಾಗಿದ್ದು 1967ರಲ್ಲಿ, ಲಂಡನ್ನಿನ ಉತ್ತರ ಭಾಗದ ಮಸ್‌ವೆಲ್ ಹಿಲ್‌ನಲ್ಲಿ. ಗಿಟಾರ್ ನುಡಿಸುವ ಸೈಮನ್ ನಿಕೋಲ್ ಅವರ ಮನೆಯ ಹೆಸರು ‘ಫೇರ್‌ಪೋರ್ಟ್’. ಅಲ್ಲೇ ಪ್ರಾಕ್ಟೀಸ್, ಅದೇ ಹೆಸರು. ಇನ್ನೊಬ್ಬ ಗಿಟಾರಿಸ್ಟ್ ರಿಚರ್ಡ್ ಥಾಮ್ಸನ್. ಎಲ್ಲರೂ ಇನ್ನೂ ಹದಿಹರೆಯದ ಆಸುಪಾಸಿನವರು. ಆಗ ಅವರು ನುಡಿಸುತ್ತಿದ್ದದ್ದು ಹೆಚ್ಚಾಗಿ ಅಮೆರಿಕದ ಹಾಡುಗಳು. ನಮ್ಮಲ್ಲಿ ಕಾಲೇಜ್ ಬ್ಯಾಂಡುಗಳು ಮೊದಲು ಇಂಗ್ಲಿಷ್ ಹಾಡುಗಳಿಂದಲೇ ಶುರು ಮಾಡುತ್ತವಲ್ಲ, ಹಾಗೇ. 1968ರಲ್ಲಿ ಸ್ಯಾಂಡಿ ಬಂದರು. ಅವರು ಬೆಳೆದದ್ದು ಲಂಡನ್ನಿನ ಫೋಕ್ ಕ್ಲಬ್‌ಗಳಲ್ಲಿ. ಹಳೇ ಹಾಡುಗಳು ಅವರ ಬಾಯಲ್ಲೇ ಇದ್ದವು. ಜೊತೆಗೆ ಸ್ವಂತ ಹಾಡು ಬರೆಯುವ ಶಕ್ತಿಯೂ ಇತ್ತು. ಈ ಎರಡು ಮಾತನ್ನೂ ನೆನಪಿಟ್ಟುಕೊಳ್ಳಿ. ಮುಂದಿನ ಎಳೆದಾಟ ಎಲ್ಲ ಇಲ್ಲಿಂದಲೇ ಬರುತ್ತದೆ.

1969 ಒಂದೇ ವರ್ಷದಲ್ಲಿ ಈ ಬ್ಯಾಂಡಿನ ಮೂರು ಆಲ್ಬಂ ಬಂದವು. ಎರಡನೆಯದರಲ್ಲಿ ‘ಎ ಸೇಲರ್ಸ್ ಲೈಫ್’ ಅಂತ ಒಂದು ಹಳೇ ಹಾಡಿದೆ. ಅದನ್ನು ಬ್ಯಾಂಡಿಗೆ ತಂದುಕೊಟ್ಟವರು ಸ್ಯಾಂಡಿ. ಹನ್ನೊಂದು ನಿಮಿಷದ ಹಾಡು, ಒಂದೇ ಟೇಕ್. ಪಿಟೀಲು ನುಡಿಸಲು ಹೊರಗಿನಿಂದ ಡೇವ್ ಸ್ವಾರ್‌ಬ್ರಿಕ್ ಬಂದಿದ್ದರು. ಅಲೆ ಮೇಲೆ ಅಲೆ ಬಂದ ಹಾಗೆ ಹಾಡು ಏರುತ್ತಾ ಹೋಗುತ್ತದೆ. ಹಳೇ ಇಂಗ್ಲಿಷ್ ಜಾನಪದ ಹಾಡನ್ನೂ ಎಲೆಕ್ಟ್ರಿಕ್ ಗಿಟಾರನ್ನೂ ಕೂಡಿಸಬಹುದು ಅಂತ ಹಚಿಂಗ್ಸ್ ಅವರಿಗೆ ಮನವರಿಕೆಯಾಗಿದ್ದು ಆ ಹಾಡಿನಿಂದ. ಬ್ಯಾಂಡ್ ಆ ಕಡೆ ವಾಲಿದ್ದು ಎಲ್ಲರಿಗೂ ಹಿಡಿಸಲಿಲ್ಲ. ಇನ್ನೊಬ್ಬ ಹಾಡುಗಾರ ಇಯಾನ್ ಮ್ಯಾಥ್ಯೂಸ್ ಆ ವರ್ಷದ ಆರಂಭದಲ್ಲೇ ಬಿಟ್ಟು ಹೋದರು. ಹೋಗಿ ಬೇರೆ ಬ್ಯಾಂಡ್ ಕಟ್ಟಿ 1970ರಲ್ಲಿ ಬ್ರಿಟನ್ನಿನ ನಂಬರ್ ಒನ್ ಹಾಡನ್ನೇ ಕೊಟ್ಟರು. ಬಿಟ್ಟು ಹೋದವರೆಲ್ಲ ಸೋತವರಲ್ಲ.

1969ರ ಮೇ 12. ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿಯೇ ಲಂಡನ್ನಿಗೆ ವಾಪಸ್ ಹೊರಟಿದ್ದರು. ಬೆಳಗಿನ ಜಾವ ಎಂ1 ಹೆದ್ದಾರಿಯಲ್ಲಿ ವ್ಯಾನ್ ರಸ್ತೆ ಬಿಟ್ಟು ಉರುಳಿತು. ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ಹತ್ತೊಂಬತ್ತು ವರ್ಷದ ಹುಡುಗ. ರಿಚರ್ಡ್ ಥಾಮ್ಸನ್ ಅವರ ಗೆಳತಿ ಜೀನಿ ಫ್ರಾಂಕ್ಲಿನ್ ಕೂಡ ಉಳಿಯಲಿಲ್ಲ. ಹಚಿಂಗ್ಸ್ ಅವರಿಗೆ ಜೋರು ಪೆಟ್ಟಾಗಿತ್ತು. ಸ್ಯಾಂಡಿ ಆ ವ್ಯಾನಿನಲ್ಲಿ ಇರಲಿಲ್ಲ, ಬೇರೆ ಗಾಡಿಯಲ್ಲಿ ಬರುತ್ತಿದ್ದರು.

ಇಲ್ಲೊಂದು ಮಾತು ಹೇಳಲೇಬೇಕು. ಎನ್‌ಎಚ್ 48ರಲ್ಲಿ ರಾತ್ರಿ ಕಾರ್ಯಕ್ರಮ ಮುಗಿಸಿ ಗಾಡಿ ಹತ್ತುವವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಹುಬ್ಬಳ್ಳಿಯಲ್ಲಿ ಹನ್ನೆರಡಕ್ಕೆ ಸ್ಟೇಜ್ ಇಳಿದು, ಕೇಬಲ್ ಸುತ್ತಿ, ಬೆಳಗಾಗುವ ಮೊದಲು ದಾವಣಗೆರೆ ಸೇರುವ ಅವಸರ. ದಯವಿಟ್ಟು ಬೇಡ. ಡ್ರೈವರ್ ನಿದ್ದೆಗೆಟ್ಟಿದ್ದರೆ ಸ್ಟೇಜ್ ಹಿಂದೆಯೇ ಮಲಗಿ, ಬಿಸಿಲೇರಿದ ಮೇಲೆ ಹೊರಡಿ. ಸಂಘಟಕರು ರೂಮ್ ಕೊಡಲ್ಲ ಅಂದರೆ ಆ ಕಾರ್ಯಕ್ರಮವನ್ನೇ ಒಪ್ಪಬೇಡಿ.

ಸರಿ. ಅಪಘಾತ ಆದ ಮೇಲೆ ಬ್ಯಾಂಡ್ ಮುಂದುವರಿಸಬೇಕಾ ಬೇಡವಾ ಅನ್ನುವುದೇ ಪ್ರಶ್ನೆಯಾಯಿತು. ಮುಂದುವರಿಸೋಣ ಅಂದುಕೊಂಡರು. ಆದರೆ ಮಾರ್ಟಿನ್ ಜೊತೆ ನುಡಿಸಿದ ಹಳೆಯ ಹಾಡುಗಳನ್ನು ಮತ್ತೆ ನುಡಿಸಲು ಮನಸ್ಸು ಬರಲಿಲ್ಲ. ಹೊಸದೇ ಬೇಕಿತ್ತು. ಇನ್ನೊಂದು ಕಾರಣವೂ ಇದೆ. ಹಿಂದಿನ ವರ್ಷ ‘ದ ಬ್ಯಾಂಡ್’ ಅನ್ನುವ ತಂಡದ ಮೊದಲ ಆಲ್ಬಂ ಬಂದಿತ್ತು. ಅಮೆರಿಕದ ಮಣ್ಣಿನ ಸಂಗೀತ ಅದರಲ್ಲಿ ಎಷ್ಟು ಸಲೀಸಾಗಿ ಹರಿದಿತ್ತು ಅಂದರೆ, ಇವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಎಷ್ಟೇ ಚೆನ್ನಾಗಿ ನುಡಿಸಿದರೂ ಅದು ಅವರದು, ನಮ್ಮದಲ್ಲ. ಹಾಗಾದರೆ ನಮ್ಮದು ಯಾವುದು?

ಬೇಸಿಗೆಯಲ್ಲಿ ಹ್ಯಾಂಪ್‌ಷೈರಿನ ಫಾರ್ಲಿ ಚೇಂಬರ್ಲೇನ್ ಅನ್ನುವ ಹಳ್ಳಿಯಲ್ಲಿ ಒಂದು ದೊಡ್ಡ ಹಳೇ ಮನೆ ಬಾಡಿಗೆಗೆ ಹಿಡಿದರು. ಎಲ್ಲರೂ ಅಲ್ಲೇ ಇದ್ದು ಪ್ರಾಕ್ಟೀಸ್ ಮಾಡಿದರು. ಸ್ವಾರ್‌ಬ್ರಿಕ್ ಈಗ ಪೂರ್ತಿ ಬ್ಯಾಂಡಿನವರಾದರು. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು, ಹಳೇ ಹಾಡುಗಳ ಜೊತೆ ಪಿಟೀಲು ನುಡಿಸಿ ಪಳಗಿದ ಕೈ. ಡ್ರಮ್ಸಿಗೆ ಡೇವ್ ಮ್ಯಾಟಕ್ಸ್ ಬಂದರು. ಅವರು ಡ್ಯಾನ್ಸ್ ಹಾಲ್‌ಗಳ ಬ್ಯಾಂಡಿನಿಂದ ಬಂದವರು, ಜಾನಪದದ ಗಂಧವೇ ಇರಲಿಲ್ಲ. ಒಂದೇ ಮನೆಯಲ್ಲಿ ದುಃಖದಲ್ಲಿರುವವರು, ಪೆಟ್ಟು ಮಾಯುತ್ತಿರುವವರು, ಹೊಸದಾಗಿ ಬಂದವರು, ಎಲ್ಲರೂ ಸೇರಿದ್ದರು.

ದಾವಣಗೆರೆಯ ಹಿರಿಯರಿಗೆ ಇದು ಹೊಸ ಕಥೆ ಅಲ್ಲ. ಇದು ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಒಂದೇ ಕಡೆ ಇರಬೇಕು. ಒಂದೇ ಅಡುಗೆ, ಒಂದೇ ಟೆಂಟು. ಬೆಳಿಗ್ಗೆ ಮಾತು ಬಿಟ್ಟವರು ರಾತ್ರಿ ಸ್ಟೇಜ್ ಮೇಲೆ ಗಂಡ ಹೆಂಡತಿ ಆಗಬೇಕು. ಅಂಥ ಕಡೆ ಜಗಳವೇ ಆಗಲ್ಲ ಅಂದರೆ ನಂಬೋರು ಯಾರು? ಆದರೆ ಪರದೆ ಏಳುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಇರುತ್ತಿದ್ದರು. ಕೆಲಸ ಇದ್ದಷ್ಟು ದಿನ ಜನ ಒಟ್ಟಿಗೆ ಇರುತ್ತಾರೆ. ಫಾರ್ಲಿಯ ಮನೆಯಲ್ಲೂ ಆದದ್ದು ಅದೇ ಅಂತ ನನಗೆ ಅನ್ನಿಸುತ್ತದೆ.

ಈಗ ಹಾಡುಗಳಿಗೆ ಬರೋಣ. ಹಚಿಂಗ್ಸ್ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ಗೆ ಹೋಗಿ ಕೂರಲು ಶುರು ಮಾಡಿದರು. ಇಂಗ್ಲೆಂಡಿನ ಜಾನಪದ ಹಾಡು, ಕುಣಿತಗಳ ಸಂಗ್ರಹ ಇರುವ ಜಾಗ ಅದು. ಅಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಹಾರ್ವರ್ಡಿನ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 1882ರಿಂದ 1898ರವರೆಗೆ ಬಿಡಿಬಿಡಿಯಾಗಿ ಪ್ರಕಟಿಸಿದ ಸಂಗ್ರಹದಲ್ಲೇ 305 ಕಥನಗೀತೆಗಳಿವೆ. ಒಂದೊಂದಕ್ಕೂ ಹಲವು ರೂಪಗಳು. ಈ ಆಲ್ಬಮ್ಮಿನ ‘ಮ್ಯಾಟಿ ಗ್ರೋವ್ಸ್’ ಆ ಸಂಗ್ರಹದಲ್ಲಿ 81ನೆಯದು, ‘ಟ್ಯಾಮ್ ಲಿನ್’ 39ನೆಯದು.

‘ಮ್ಯಾಟಿ ಗ್ರೋವ್ಸ್’ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಬ್ಬದ ದಿನ ಚರ್ಚಿಗೆ ಬಂದ ದೊರೆಯ ಹೆಂಡತಿ ಮ್ಯಾಟಿ ಅನ್ನುವ ಹುಡುಗನನ್ನು ನೋಡಿ ಮನೆಗೆ ಕರೆಯುತ್ತಾಳೆ. ಆಳು ಓಡಿಹೋಗಿ ದೊರೆಗೆ ಹೇಳುತ್ತಾನೆ. ದೊರೆ ಬರುತ್ತಾನೆ. ಬರಿಗೈಯವನನ್ನು ಕೊಂದ ಅಂತ ಅನ್ನಿಸಿಕೊಳ್ಳಬಾರದು ಅಂತ ಹುಡುಗನಿಗೂ ಒಂದು ಕತ್ತಿ ಕೊಟ್ಟು ಕಾದಾಡುತ್ತಾನೆ, ಕೊಲ್ಲುತ್ತಾನೆ. ಈಗ ಹೇಳು, ನಾನು ಇಷ್ಟವಾ ಅವನಾ ಅಂತ ಹೆಂಡತಿಯನ್ನು ಕೇಳುತ್ತಾನೆ. ಸತ್ತ ಅವನೇ ಇಷ್ಟ ಅನ್ನುತ್ತಾಳೆ. ಅವಳನ್ನೂ ಕೊಲ್ಲುತ್ತಾನೆ. ಇಬ್ಬರನ್ನೂ ಒಂದೇ ಗುಂಡಿಯಲ್ಲಿ ಹೂಳಿಸುತ್ತಾನೆ, ಆದರೆ ಅವಳನ್ನು ಮೇಲೆ ಇಡಿ ಅನ್ನುತ್ತಾನೆ. ಅವಳು ದೊಡ್ಡ ಮನೆತನದವಳು ಅಂತ. ಮಣ್ಣಿನ ಒಳಗೂ ಜಾತಿ ಅಂತಸ್ತು! ನಮ್ಮ ‘ಕೆರೆಗೆ ಹಾರ’ ಓದಿದವರಿಗೆ ಈ ಲೋಕ ದೂರದ್ದು ಅನ್ನಿಸಲ್ಲ. ಅಲ್ಲಿ ಮನೆಯವರೆಲ್ಲ ಸೇರಿ ಕಿರಿ ಸೊಸೆ ಭಾಗೀರಥಿಯನ್ನು ಕೆರೆಗೆ ಕೊಡುತ್ತಾರೆ. ಹಾಡು ಎಲ್ಲೂ ಅಳಲ್ಲ, ಯಾರನ್ನೂ ಬೈಯಲ್ಲ. ಏನಾಯಿತು ಅಂತ ಹೇಳುತ್ತಾ ಹೋಗುತ್ತದೆ, ಅಷ್ಟೇ. ಕರುಳು ಹಿಂಡುವುದು ಕೇಳುವವರದು.

ಇಂಥ ಹಾಡನ್ನು ಬ್ಯಾಂಡಿನಲ್ಲಿ ನುಡಿಸುವಾಗ ಬರುವ ಕಷ್ಟ ನಿಮಗೆ ಗೊತ್ತಿರುತ್ತದೆ. ಪಲ್ಲವಿ ಇಲ್ಲ, ಚರಣ ಇಲ್ಲ. ನುಡಿಯ ಮೇಲೆ ನುಡಿ, ಎಲ್ಲಕ್ಕೂ ಒಂದೇ ಧಾಟಿ. ಎಂಟು ನಿಮಿಷ ಹಿಡಿದು ಕೂರಿಸುವುದು ಹೇಗೆ? ನಮ್ಮಲ್ಲಿ ಬಹಳ ಜನ ಮೂರನೇ ನುಡಿಗೆ ಹೆದರಿ ನಡುವೆ ಒಂದು ಗಿಟಾರ್ ಸೋಲೊ ತುರುಕುತ್ತಾರೆ, ಅರ್ಧ ನುಡಿಗಳನ್ನು ಕತ್ತರಿಸಿ ಹಾಕುತ್ತಾರೆ. ಇವರು ಕಥೆಗೆ ಕೈ ಹಾಕಲಿಲ್ಲ. ಧಾಟಿ ಮಾತ್ರ ‘ಶೇಡಿ ಗ್ರೋವ್’ ಅನ್ನುವ ಅಮೆರಿಕದ ಹಾಡಿನದು. ಸ್ಯಾಂಡಿ ಎಲ್ಲೂ ಅಭಿನಯ ಮಾಡಲ್ಲ. ದೊರೆಯ ಮಾತಿಗೆ ಗಡಸು ದನಿ, ಹೆಂಗಸಿನ ಮಾತಿಗೆ ಸಣ್ಣ ದನಿ, ಅಂಥದ್ದೇನೂ ಇಲ್ಲ. ಕೆಳಗೆ ಬೇಸ್ ಮತ್ತು ಡ್ರಮ್ಸ್ ನುಡಿಯಿಂದ ನುಡಿಗೆ ಬಿಗಿಯಾಗುತ್ತಾ ಹೋಗುತ್ತವೆ. ಕಥೆ ಮುಗಿದ ಮೇಲೆಯೇ ಥಾಮ್ಸನ್ ಗಿಟಾರ್ ಮತ್ತು ಸ್ವಾರ್‌ಬ್ರಿಕ್ ಪಿಟೀಲು ಬಿಚ್ಚಿಕೊಳ್ಳುವುದು. ಅಷ್ಟು ಹೊತ್ತು ಹಾಡು ಹೇಳದೆ ಬಿಟ್ಟ ಸಿಟ್ಟು, ಸಂಕಟ ಎಲ್ಲಾ ಆಗ ಹೊರಗೆ ಬರುತ್ತದೆ. ಇದಕ್ಕಿಂತ ಒಳ್ಳೇ ಪಾಠ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಇನ್ನು ಮುನಿಸಿನ ವಿಷಯ. ಹಚಿಂಗ್ಸ್ ಅವರಿಗೆ ಹಳೇ ಹಾಡಿನ ಹುಚ್ಚು ದಿನದಿನಕ್ಕೂ ಜಾಸ್ತಿ ಆಗುತ್ತಿತ್ತು. ಇನ್ನೂ ಒಳಗೆ ಹೋಗಬೇಕು, ಪೂರ್ತಿ ಇದರಲ್ಲೇ ಇರಬೇಕು ಅನ್ನುವ ಹಠ. ಸ್ಯಾಂಡಿ ಅವರ ಸ್ಥಿತಿ ನೇರ ಉಲ್ಟಾ. ಈ ಹಾಡುಗಳನ್ನು ಅವರು ಕ್ಲಬ್‌ಗಳಲ್ಲಿ ಹಾಡಿ ಹಾಡಿ ದಾಟಿ ಬಂದಿದ್ದರು. ಅದನ್ನು ಬಿಟ್ಟು ರಾಕ್ ಬ್ಯಾಂಡ್ ಸೇರಿದ್ದರು. ‘ಹೂ ನೋಸ್ ವೇರ್ ದ ಟೈಮ್ ಗೋಸ್’ ಅನ್ನುವ ಹಾಡು ಬರೆದವರು ಅವರು. ಅಂಥ ಹಾಡು ಬರೆಯಬಲ್ಲವರಿಗೆ ‘ನೀವು ಯಾರೋ ಬರೆದ ಹಳೆಯದನ್ನೇ ಹಾಡಿ’ ಅಂದರೆ ಹೇಗನ್ನಿಸಬೇಡ? ಲೀಜ್ ಅಂಡ್ ಲೀಫ್‌ನಲ್ಲಿ ಸ್ಯಾಂಡಿ ಒಬ್ಬರೇ ಬರೆದ ಹಾಡು ಒಂದೂ ಇಲ್ಲ. ಅವರ ಹೆಸರು ಹಾಡು ಕಟ್ಟಿದವರ ಜಾಗದಲ್ಲಿ ಬರುವುದು ಮೊದಲ ಹಾಡಿನಲ್ಲಿ ಮಾತ್ರ. ‘ಕಮ್ ಆಲ್ ಯೀ’. ಊರೂರು ಅಲೆಯುವ ಹಾಡುಗಾರರೇ, ಬನ್ನಿ, ನಮ್ಮ ಜೊತೆ ಸೇರಿ ಅಂತ ಎಲ್ಲರನ್ನೂ ಕರೆಯುವ ಹಾಡು ಅದು. ಅದನ್ನು ಅವರ ಜೊತೆ ಸೇರಿ ಕಟ್ಟಿದ ಇನ್ನೊಬ್ಬರು ಯಾರು ಗೊತ್ತಾ? ಹಚಿಂಗ್ಸ್. ಎರಡು ದಿಕ್ಕಿಗೆ ಎಳೆಯುತ್ತಿದ್ದ ಇಬ್ಬರು ಕೂತು ಕಟ್ಟಿದ ಹಾಡಿನಿಂದಲೇ ಆಲ್ಬಂ ಶುರುವಾಗುತ್ತದೆ. ನವೆಂಬರ್ ಮುಗಿಯುವಷ್ಟರಲ್ಲಿ ಇಬ್ಬರೂ ಇರಲಿಲ್ಲ.

ಇಬ್ಬರಲ್ಲಿ ತಪ್ಪು ಯಾರದು ಅಂತ ನನ್ನನ್ನು ಕೇಳಬೇಡಿ. ಇಬ್ಬರದೂ ನ್ಯಾಯವೇ. ಹಾಡಿನ ಬಗ್ಗೆ ಇಷ್ಟು ಆಳವಾದ ಭಿನ್ನಾಭಿಪ್ರಾಯ ಇರುವ ಬ್ಯಾಂಡುಗಳೇ ಕಡಿಮೆ. ನಮ್ಮಲ್ಲಿ ಹೆಚ್ಚಿನ ಜಗಳ ಪೋಸ್ಟರಿನಲ್ಲಿ ಯಾರ ಫೋಟೊ ದೊಡ್ಡದು ಅನ್ನುವುದಕ್ಕೆ ಆಗುತ್ತದೆ. ಇವರ ಎಳೆದಾಟ ಆಲ್ಬಮ್ಮಿನ ಒಳಗೇ ಕೇಳಿಸುತ್ತದೆ. ಒಂದು ಕಡೆ ಪೂರ್ತಿ ಹಳೆಯ ಕಥನಗೀತೆಗಳು. ಇನ್ನೊಂದು ಕಡೆ ‘ಫೇರ್‌ವೆಲ್, ಫೇರ್‌ವೆಲ್’. ಅದಕ್ಕೆ ಹಳೇ ಧಾಟಿ, ಥಾಮ್ಸನ್ ಬರೆದ ಹೊಸ ಮಾತು. ಕೊನೆಯ ಹಾಡು ‘ಕ್ರೇಜಿ ಮ್ಯಾನ್ ಮೈಕಲ್’ ಪೂರ್ತಿ ಹೊಸದು. ಥಾಮ್ಸನ್ ಮಾತು, ಸ್ವಾರ್‌ಬ್ರಿಕ್ ಧಾಟಿ. ಸಿಟ್ಟಿನಲ್ಲಿ ಒಂದು ಹಕ್ಕಿಯನ್ನು ಕೊಂದವನಿಗೆ ಆಮೇಲೆ ಗೊತ್ತಾಗುತ್ತದೆ, ಕೊಂದದ್ದು ತನ್ನ ಪ್ರೇಯಸಿಯನ್ನು ಅಂತ. ಕೇಳಿದರೆ ಮುನ್ನೂರು ವರ್ಷದ ಹಳೇ ಹಾಡು ಅಂತಲೇ ಅನ್ನಿಸುತ್ತದೆ. ಮೇ ತಿಂಗಳಲ್ಲಿ ಗೆಳತಿಯನ್ನು ಕಳೆದುಕೊಂಡ ಇಪ್ಪತ್ತರ ಹುಡುಗ ಬರೆದದ್ದು. ದುಃಖವನ್ನು ನೇರವಾಗಿ ಹೇಳಲು ಆಗದಿದ್ದವನಿಗೆ ಹಳೇ ಹಾಡಿನ ರೀತಿ ಒಂದು ದಾರಿ ಕೊಟ್ಟಿತು. ಆಲ್ಬಂ ಅವರನ್ನು ಹಿಡಿದಿಟ್ಟಿತು ಅಂತ ನಾನು ಹೇಳಿದ್ದು ಇದಕ್ಕೇ.

ರೆಕಾರ್ಡಿಂಗ್ ಬೇಗ ಆಯಿತು. ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊ, ನಿರ್ಮಾಪಕರು ಜೋ ಬಾಯ್ಡ್, ಅಕ್ಟೋಬರಿನ ಕೊನೆಯ ವಾರಗಳು. ಬೇಸಿಗೆಯಿಡೀ ತಯಾರಿ ಆಗಿತ್ತು, ಸೆಪ್ಟೆಂಬರಿನಲ್ಲಿ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಜನರ ಮುಂದೆ ನುಡಿಸಿಯೂ ಆಗಿತ್ತು. ಸ್ಟುಡಿಯೊ ಬಾಡಿಗೆ ಗಂಟೆ ಲೆಕ್ಕದಲ್ಲಿ ಕೊಡುವವರಿಗೆ ಇದರ ಬೆಲೆ ಗೊತ್ತು.

ಹಚಿಂಗ್ಸ್ ಮುಂದೆ ಏನು ಮಾಡಿದರು ಅನ್ನುವುದನ್ನೂ ಕೇಳಿ. ಸ್ಟೀಲೈ ಸ್ಪ್ಯಾನ್ ಅನ್ನುವ ಹೊಸ ಬ್ಯಾಂಡ್ ಕಟ್ಟಿದರು. ಹಳೇ ಹಾಡು ಬಿಟ್ಟರೆ ಬೇರೆ ಮಾತಿಲ್ಲ. ಎಲ್ಲರ ಮನಸ್ಸೂ ಒಂದೇ ಕಡೆ. ಮತ್ತೆ ಹಳ್ಳಿಯ ಮನೆಯಲ್ಲಿ ಒಟ್ಟಿಗೆ ಇದ್ದು ಪ್ರಾಕ್ಟೀಸ್. 1970ರಲ್ಲಿ ಮೊದಲ ಆಲ್ಬಂ ಬಂತು. ಆದರೆ ಆ ಐವರು ಒಟ್ಟಿಗೆ ಒಂದು ಸ್ಟೇಜನ್ನೂ ಹತ್ತದೆ ಬೇರೆಯಾದರು. ಹಾಡಿನ ಬಗ್ಗೆ ಒಮ್ಮತ ಇದ್ದರೆ ಬ್ಯಾಂಡ್ ಉಳಿಯುತ್ತದೆ ಅನ್ನುವುದೂ ಸುಳ್ಳು, ನೋಡಿ.

ನಮ್ಮ ಕಡೆಗೆ ಬರೋಣ. ನಿಮ್ಮಲ್ಲಿ ಕೆಲವರು ಜುಂಜಪ್ಪನ ಕಾವ್ಯದ ಹಾಡುಗಳನ್ನು ನುಡಿಸುತ್ತಿದ್ದೀರಿ. ತತ್ವಪದ ಹಾಡುವವರಿದ್ದೀರಿ. ಬಹಳ ಸಂತೋಷ. ಚಿತ್ರದುರ್ಗ ಜಿಲ್ಲೆಯಷ್ಟು ಹಾಡಿನ ಸಂಪತ್ತು ಇರುವ ಜಾಗ ಕಡಿಮೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಕಾಡುಗೊಲ್ಲರ ಹಟ್ಟಿಯ ಹೆಣ್ಣುಮಗಳು. ಅವರ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ ಬರೆದುಕೊಂಡರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ನಮಗೆ ಸೆಸಿಲ್ ಶಾರ್ಪ್ ಹೌಸ್ ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ, ಚಳ್ಳಕೆರೆ ಬಸ್ ಹತ್ತಿದರೆ ಸಾಕು.

ನಾನೂ ಬೇಸ್ ನುಡಿಸುವವನು. ಒಮ್ಮೆ ನಮ್ಮ ಪ್ರಾಕ್ಟೀಸಿಗೆ ಗಣೆ ಊದುವ ಹಿರಿಯರೊಬ್ಬರು ಬಂದಿದ್ದರು. ಗಣೆ ನೋಡಿದ್ದೀರಲ್ಲ, ಆ ಉದ್ದನೆಯ ಬಿದಿರಿನ ಕೊಳಲು. ನಮ್ಮ ಹುಡುಗ ಟ್ಯೂನರ್ ನೋಡಿಕೊಂಡು ‘ಅಜ್ಜಾ, ಸ್ವಲ್ಪ ಶ್ರುತಿ ಏರಿಸ್ತೀರಾ’ ಅಂದ. ಅವರು ‘ನಂದು ಬಿದಿರು ಕಣಪ್ಪಾ, ತಿರುವಕ್ಕೆ ಬಿರಡೆ ಇಲ್ಲ. ನಿಮ್ದೇ ಇಳಿಸ್ಕಳಿ’ ಅಂದರು. ಇಳಿಸಿಕೊಂಡೆವು. ತಂತಿಗಳು ಸಡಿಲವಾದವು, ಗಿಟಾರಿನ ನಾದವೇ ಬೇರೆ ಆಯಿತು. ಹಾಡಿಗೆ ಅದೇ ಸರಿಯಾಗಿತ್ತು.

ಹೆಸರಿನ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಹಾಡನ್ನು ಅಪ್‌ಲೋಡ್ ಮಾಡುವಾಗ ಬರೆದವರು ಯಾರು, ಸಂಗೀತ ಯಾರದು ಅಂತ ಕೇಳುತ್ತದೆ. ಸುಮ್ನೆ ತಮ್ಮ ಹೆಸರು ತುಂಬಿಬಿಡುವವರಿದ್ದಾರೆ. ಲೀಜ್ ಅಂಡ್ ಲೀಫ್‌ನಲ್ಲಿ ಹಳೇ ಹಾಡುಗಳಿಗೆ ‘ಸಾಂಪ್ರದಾಯಿಕ’ ಅಂತಲೇ ಹಾಕಿದ್ದಾರೆ. ತಮ್ಮ ಕೆಲಸ ಹಾಡನ್ನು ಹೊಂದಿಸಿದ್ದು ಮಾತ್ರ ಅಂತ ಒಪ್ಪಿಕೊಂಡಿದ್ದಾರೆ. ಕವರಿನ ಒಳಗೆ ಹಾಡು ಸಂಗ್ರಹಿಸಿದ ಚೈಲ್ಡ್ ಮತ್ತು ಸೆಸಿಲ್ ಶಾರ್ಪ್, ಹಳ್ಳಿಯ ಆಚರಣೆಗಳ ಬಗ್ಗೆ ಚಿತ್ರ ಸಮೇತ ಬರೆದಿದ್ದಾರೆ. ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಯಾವ ಹಟ್ಟಿಯ ಯಾರ ಬಾಯಿಂದ ಕೇಳಿದಿರೋ, ಅವರನ್ನು ಕೇಳಿ ಅವರ ಹೆಸರು ಹಾಕಿ. ದುಡ್ಡು ಬಂದರೆ ಅವರಿಗೂ ಪಾಲು ಕೊಡಿ. ಬ್ಯಾಂಡಿನ ಒಳಗೆ ಯಾರಿಗೆ ಎಷ್ಟು ಅನ್ನುವುದನ್ನೂ ಮೊದಲೇ, ಹಾಡು ಹೊರಗೆ ಬರುವ ಮುಂಚೆ, ಬರೆದಿಟ್ಟುಕೊಳ್ಳಿ. ಹಾಡಿನ ಬಗ್ಗೆ ಬೇಕಾದಷ್ಟು ಜಗಳ ಆಡಿ. ಅದಕ್ಕೆ ಜಾಗ ಉಳಿಯಬೇಕು ಅಂದರೆ ದುಡ್ಡಿನ ಜಗಳ ಬರಬಾರದು.

ಸ್ಯಾಂಡಿ ಅವರ ಕಥೆ ಹೇಳಿ ಮುಗಿಸುತ್ತೇನೆ. ಫಾದರಿಂಗೇ ಅನ್ನುವ ಬ್ಯಾಂಡ್ ಕಟ್ಟಿದರು, ಒಬ್ಬರೇ ಆಲ್ಬಂ ಮಾಡಿದರು. 1974ರಲ್ಲಿ ಮತ್ತೆ ಫೇರ್‌ಪೋರ್ಟ್‌ಗೆ ಬಂದರು. 1975ರ ಆಲ್ಬಮ್ಮಿನಲ್ಲಿ ಹೆಚ್ಚಿನ ಹಾಡುಗಳು ಅವರು ಕಟ್ಟಿದ್ದು ಅಥವಾ ಬೇರೆಯವರ ಜೊತೆ ಸೇರಿ ಕಟ್ಟಿದ್ದು. 1969ರಲ್ಲಿ ಕೇಳಿದ್ದು ಆರು ವರ್ಷದ ಮೇಲೆ ಸಿಕ್ಕಿತು. 1978ರಲ್ಲಿ ತೀರಿಕೊಂಡಾಗ ಅವರಿಗೆ 31 ವರ್ಷ. ಸೈಮನ್ ನಿಕೋಲ್ ನಡುವೆ ಕೆಲವು ವರ್ಷ ಬಿಟ್ಟು ಹೋಗಿದ್ದರೂ ಮತ್ತೆ ಬಂದು ಆ ಬ್ಯಾಂಡನ್ನು ನಡೆಸಿಕೊಂಡು ಬಂದರು. ಕ್ರಾಪ್‌ರೆಡಿ ಅನ್ನುವ ಹಳ್ಳಿಯಲ್ಲಿ ಬ್ಯಾಂಡಿನ ಹೆಸರಿನಲ್ಲಿ ನಡೆಯುವ ಬೇಸಿಗೆಯ ಉತ್ಸವಕ್ಕೆ ಹಳೇ ಸದಸ್ಯರು ಬಂದು ಒಟ್ಟಿಗೆ ನುಡಿಸಿದ್ದಾರೆ. ಬಿಟ್ಟು ಹೋದವರೂ ಸೇರಿ.

ಈಗ ‘ಟ್ಯಾಮ್ ಲಿನ್’ ಹಾಕುತ್ತೇನೆ, ಏಳು ನಿಮಿಷ ಚಿಲ್ಲರೆ. ಗಿಟಾರ್ ಮತ್ತು ಡ್ರಮ್ಸ್ ಒಟ್ಟಿಗೆ ಎಲ್ಲಿ ಹೊಡೆಯುತ್ತವೆ ಅಂತ ಬೆರಳಲ್ಲಿ ಲೆಕ್ಕ ಹಾಕಿ. ತಾಳ ತಪ್ಪಿತು ಅನ್ನಿಸಿದರೆ ಮತ್ತೆ ಮೊದಲಿಂದ ಎಣಿಸಿ. ಪ್ರಶ್ನೆಗಳನ್ನು ಹಾಡು ಮುಗಿದ ಮೇಲೆ ತೆಗೆದುಕೊಳ್ಳೋಣ.